ಹೊಲ ಹಸಿರು, ದನ ಬಡಕಲು



ಮೇವು ಎಂದ ಕೂಡಲೇ ನಮ್ಮಲ್ಲಿ ಮಾತು ನೇಪಿಯರ್, ಗಿನಿ ಹುಲ್ಲು, ಜೋಳದ ಸೊಪ್ಪೆ, ರಾಗಿ ಹುಲ್ಲು, ಕುದುರೆಮಸಾಲೆ ಇವುಗಳ ಸುತ್ತಲೇ ತಿರುಗುತ್ತದೆ. ನಮ್ಮ ಬಿಸಿಲಿಗೆ, ನಮ್ಮ ಮಳೆಗೆ ಹೊಂದುವ ಮೇವು ಅವೇ ಆದ್ದರಿಂದ ಅದು ಸಹಜ. ಆದರೆ ಇವತ್ತು ನಾನು ಹೇಳಹೊರಟಿರುವುದು ನಮ್ಮ ಬಯಲುಸೀಮೆಯಲ್ಲಿ ಬೆಳೆಯದ ಒಂದು ಹುಲ್ಲಿನ ಸಂಗತಿ. ಅದರ ಹೆಸರು ಟಾಲ್ ಫೆಸ್ಕ್ಯೂ. ಒಮ್ಮೆ ಬಿತ್ತಿದರೆ ವರ್ಷಗಟ್ಟಲೆ ನಿಲ್ಲುವ, ಚಳಿ ಇಷ್ಟಪಡುವ ಹುಲ್ಲು. ಹುಟ್ಟೂರು ಯೂರೋಪು ಮತ್ತು ಉತ್ತರ ಆಫ್ರಿಕ. ಬೇರು ಬಿಟ್ಟದ್ದು ಅಮೆರಿಕದಲ್ಲಿ. ಆ ದೇಶದಲ್ಲಿ ಇವತ್ತು ಸುಮಾರು ಮೂರೂವರೆ ಕೋಟಿ ಎಕರೆ ನೆಲವನ್ನು ಅದು ಹೊದ್ದುಕೊಂಡಿದೆ ಎಂಬುದು ಅಲ್ಲಿನ ಕೃಷಿ ತಜ್ಞರ ಅಂದಾಜು.

ಇಲ್ಲಿ ಬೆಳೆಯದ ಹುಲ್ಲಿನ ಮಾತು ನಮಗೇಕೆ ಎಂದು ನೀವು ಕೇಳಬಹುದು. ಮೇವಿನ ಬೆಳೆ ಚೆನ್ನಾಗಿದೆ ಎಂದು ತೀರ್ಮಾನಿಸುವುದು ಹೇಗೆ? ಹೊಲ ನೋಡಿಯೋ, ಹುಲ್ಲಿನ ತೂಕ ನೋಡಿಯೋ, ದನ ನೋಡಿಯೋ? ಈ ಪ್ರಶ್ನೆಗೆ ಅಮೆರಿಕದ ರೈತರು ಉತ್ತರ ಕಂಡುಕೊಳ್ಳಲು ಮೂವತ್ತು ನಲವತ್ತು ವರ್ಷ ಹಿಡಿಯಿತು. ಆ ಹೊತ್ತಿಗೆ ಲೆಕ್ಕವಿಲ್ಲದಷ್ಟು ಹಣ, ಲೆಕ್ಕವಿಲ್ಲದಷ್ಟು ಕರುಗಳು ಕೈಬಿಟ್ಟುಹೋಗಿದ್ದವು. ಅವರು ಬೆಲೆ ತೆತ್ತು ಕಲಿತ ಪಾಠ ನಮಗೆ ಪುಕ್ಕಟೆ ಸಿಗುತ್ತದೆ ಎಂದಮೇಲೆ ಕೇಳಿಸಿಕೊಳ್ಳುವುದರಲ್ಲಿ ನಷ್ಟವೇನಿಲ್ಲ.

ಮೊದಲು ಈ ಚಳಿಹುಲ್ಲಿನ ಸ್ವಭಾವ ತಿಳಿದುಕೊಳ್ಳೋಣ. ಜೋಳ, ಸಜ್ಜೆ, ಮುಸುಕಿನ ಜೋಳ, ನೇಪಿಯರ್ ಇವೆಲ್ಲ ಬಿಸಿಲು ಏರಿದಷ್ಟೂ ಹುರುಪಿನಿಂದ ಬೆಳೆಯುವ ಜಾತಿ. ಗೋಧಿ, ಬಾರ್ಲಿ, ಫೆಸ್ಕ್ಯೂ ಇನ್ನೊಂದು ಜಾತಿ. ಇವಕ್ಕೆ 15ರಿಂದ 25 ಡಿಗ್ರಿ ಉಷ್ಣಾಂಶ ಹಿತ. ಅದಕ್ಕಿಂತ ಬಿಸಿಯಾದರೆ, ಬಿಸಿಲಿನಲ್ಲಿ ತಾವೇ ತಯಾರಿಸಿದ ಆಹಾರದಲ್ಲಿ ಒಂದು ಪಾಲನ್ನು ತಾವೇ ಪೋಲು ಮಾಡುತ್ತವೆ. ಹಾಗಾಗಿ ಅಮೆರಿಕದ ಕೆಂಟಕಿ ರಾಜ್ಯದಂಥ ಕಡೆ ಫೆಸ್ಕ್ಯೂಗೆ ವರ್ಷದಲ್ಲಿ ಎರಡು ಸುಗ್ಗಿ. ಏಪ್ರಿಲ್–ಮೇ ತಿಂಗಳ ವಸಂತದಲ್ಲಿ ದೊಡ್ಡದು. ವರ್ಷದ ಮೇವಿನಲ್ಲಿ ಹೆಚ್ಚಿನ ಪಾಲು ಆಗಲೇ ಬರುತ್ತದೆ. ಜುಲೈ–ಆಗಸ್ಟ್ ಬೇಸಿಗೆಯಲ್ಲಿ ಬೆಳವಣಿಗೆ ಸುಸ್ತಾಗುತ್ತದೆ. ಸೆಪ್ಟೆಂಬರಿನಿಂದ ನವೆಂಬರಿನ ತನಕ ಎರಡನೆಯ, ಚಿಕ್ಕ ಸುಗ್ಗಿ. ಆಮೇಲೆ ಹಿಮ ಬೀಳುತ್ತದೆ. ಹಿಮ ಬಿದ್ದ ಮೇಲೂ ಎಲೆ ಹಸಿರಾಗಿಯೇ ನಿಲ್ಲುವುದು ಈ ಹುಲ್ಲಿನ ವಿಶೇಷ.

ಈ ವಿಶೇಷವೇ ಅದನ್ನು ಪ್ರಸಿದ್ಧಿಗೆ ತಂದಿತು. 1931ರಲ್ಲಿ ಕೆಂಟಕಿ ವಿಶ್ವವಿದ್ಯಾಲಯದ ಬೇಸಾಯಶಾಸ್ತ್ರದ ಪ್ರಾಧ್ಯಾಪಕ ಇ. ಎನ್. ಫರ್ಗಸ್ ಮೆನಿಫೀ ಎಂಬ ಗುಡ್ಡಗಾಡು ಜಿಲ್ಲೆಗೆ ಹೋದರು. ಹೋದದ್ದು ಹುಲ್ಲು ಹುಡುಕಿಕೊಂಡಲ್ಲ. ಸಿಹಿಜೋಳದ ದಂಟಿನಿಂದ ಮಾಡುವ ಜೋನಿಬೆಲ್ಲದ ಸ್ಪರ್ಧೆಗೆ ತೀರ್ಪುಗಾರರಾಗಿ. ಅಲ್ಲಿ ಜನ ಒಂದು ಹುಲ್ಲಿನ ಬಗ್ಗೆ ಹೇಳಿದರು: ಸೂಟರ್ ಎಂಬ ರೈತನ ಇಳಿಜಾರು ಜಮೀನಿನಲ್ಲಿ ಬಹಳ ವರ್ಷಗಳಿಂದ ಬೆಳೆದುಕೊಂಡಿದೆ, ಚಳಿಗಾಲದಲ್ಲೂ ಹಸಿರಾಗಿರುತ್ತದೆ, ಮಣ್ಣು ಕೊಚ್ಚಿಹೋಗಲು ಬಿಡುವುದಿಲ್ಲ. ಫರ್ಗಸ್ ಹೋಗಿ ನೋಡಿದರು, ಬೀಜ ತಂದರು, ವರ್ಷಗಟ್ಟಲೆ ಪರೀಕ್ಷಿಸಿದರು. 1943ರಲ್ಲಿ ‘ಕೆಂಟಕಿ 31’ ಎಂಬ ಹೆಸರಿನಲ್ಲಿ ತಳಿ ಬಿಡುಗಡೆಯಾಯಿತು. 31 ಎಂಬುದು ಬೀಜ ಸಿಕ್ಕ ವರ್ಷ.

ಆಗಿನ ಸ್ಥಿತಿ ನೆನೆಸಿಕೊಳ್ಳಿ. ಮುಸುಕಿನ ಜೋಳ, ಹೊಗೆಸೊಪ್ಪು, ಹತ್ತಿ ಎಂದು ಬೆಳೆದೂ ಬೆಳೆದೂ ಆ ಸೀಮೆಯ ಗುಡ್ಡಗಳ ಮೇಲುಮಣ್ಣು ಹಳ್ಳ ಸೇರಿತ್ತು. ಉಳಿದದ್ದು ಹುಳಿ ಮಣ್ಣು, ಕೊರಕಲು. ಅಂಥ ನೆಲದಲ್ಲಿ ಫೆಸ್ಕ್ಯೂ ಹುಟ್ಟಿತು, ತೆಂಡೆಯೊಡೆಯಿತು, ಆಳಕ್ಕೆ ಬೇರಿಳಿಸಿ ಮಣ್ಣು ಹಿಡಿದು ನಿಂತಿತು. ಬರ ಬಂದರೆ ತಾಳಿತು. ದನ ಬುಡದ ತನಕ ಮೇಯ್ದರೂ ಮತ್ತೆ ಚಿಗುರಿತು. ಕೆಸರಿನಲ್ಲಿ ತುಳಿದರೂ ಸಾಯಲಿಲ್ಲ. ಹುಳ ಹುಪ್ಪಟೆ ಹತ್ತಿರ ಸುಳಿಯಲಿಲ್ಲ. ರೈತನಿಗೆ ಇನ್ನೇನು ಬೇಕು? ಇಪ್ಪತ್ತು ವರ್ಷಗಳಲ್ಲಿ ಹೊಲ, ಗುಡ್ಡ, ರಸ್ತೆಯ ಬದು ಎಲ್ಲವೂ ಫೆಸ್ಕ್ಯೂಮಯ.

ದೂರು ಬರತೊಡಗಿದ್ದು ದನಗಳ ಕಡೆಯಿಂದ. ಬೇಸಿಗೆಯಲ್ಲಿ ಈ ಹುಲ್ಲು ಮೇಯುವ ದನ ಚಳಿಗಾಲದ ಒರಟು ಕೂದಲು ಉದುರಿಸದೆ ಹಾಗೇ ಹೊತ್ತುಕೊಂಡಿರುತ್ತಿತ್ತು. ಬಿಸಿಲೇರುವ ಮುಂಚೆಯೇ ಮೇಯುವುದು ಬಿಟ್ಟು ಮರದ ನೆರಳಿಗೆ ಹೋಗುತ್ತಿತ್ತು. ನೆರಳಿಲ್ಲದ ಕಡೆ ಹೊಟ್ಟೆ ಮುಳುಗುವಷ್ಟು ಕೆರೆಯ ನೀರಿನಲ್ಲಿ ನಿಂತು ಏದುಸಿರು ಬಿಡುತ್ತಿತ್ತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಹಾಲು ಇಳಿಯುತ್ತಿತ್ತು. ಹೋರಿಗೆ ಬಿಟ್ಟರೂ ಗಬ್ಬ ನಿಲ್ಲುತ್ತಿರಲಿಲ್ಲ. ಚಳಿಗಾಲದಲ್ಲಿ ಇನ್ನೊಂದು ಬಗೆಯ ಕಾಟ: ಹಿಂಗಾಲು ಕುಂಟುವುದು, ಗೊರಸಿನ ಮೇಲುಗಡೆ ಊತ, ಆಮೇಲೆ ಆ ಭಾಗದ ಚರ್ಮ ಸತ್ತು ಗೆರೆ ಬಿದ್ದಂತೆ ಬಿರಿಯುವುದು. ವಿಪರೀತಕ್ಕೆ ಹೋದರೆ ಗೊರಸೇ ಕಳಚಿಬೀಳುತ್ತಿತ್ತು. ಬಾಲದ ತುದಿ, ಕಿವಿಯ ತುದಿ ಒಣಗಿ ಉದುರುತ್ತಿದ್ದವು.

ಹುಲ್ಲನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಬರುತ್ತಿದ್ದ ವರದಿ ಏನು? ಸಸಾರಜನಕ ಚೆನ್ನಾಗಿದೆ, ಜೀರ್ಣವಾಗುವ ಅಂಶ ಚೆನ್ನಾಗಿದೆ. ಕಾಗದದ ಮೇಲೆ ಒಳ್ಳೆಯ ಮೇವು, ಹೊಲದಲ್ಲಿ ಕಣ್ಣು ತುಂಬುವ ಹಸಿರು, ಕೊಟ್ಟಿಗೆಯಲ್ಲಿ ಬಡಕಲು ದನ. ಇದರ ಲೆಕ್ಕ ಯಾರಿಗೂ ಹತ್ತಲಿಲ್ಲ. ತಳಿ ಸರಿಯಿಲ್ಲ, ಹುಳುವಿನ ಔಷಧ ಹಾಕಿಲ್ಲ, ರೈತನಿಗೆ ಸಾಕುವುದೇ ಗೊತ್ತಿಲ್ಲ ಎಂದು ದೂರೆಲ್ಲ ದನದ ಮೇಲೆ, ಧಣಿಯ ಮೇಲೆ ಬಿತ್ತು. ಹುಲ್ಲು ಮಾತ್ರ ಒಳ್ಳೆಯದೆನಿಸಿಕೊಂಡೇ ಉಳಿಯಿತು.

ಗಂಟು ಬಿಚ್ಚಿದ್ದು ಜಾರ್ಜಿಯಾ ರಾಜ್ಯದಲ್ಲಿ. ಅಲ್ಲಿನ ಒಬ್ಬ ರೈತನ ಒಂದು ಹುಲ್ಲುಗಾವಲಿನಲ್ಲಿ ದನ ಬಳಲುತ್ತಿದ್ದವು, ಅದೇ ಜಮೀನಿನ ಮತ್ತೊಂದು ಹುಲ್ಲುಗಾವಲಿನಲ್ಲಿ ಆರೋಗ್ಯವಾಗಿದ್ದವು. ಎರಡೂ ಕಡೆ ಇದ್ದದ್ದು ಫೆಸ್ಕ್ಯೂ. ಚಾರ್ಲ್ಸ್ ಬೇಕನ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಎರಡೂ ಕಡೆಯ ಗಿಡಗಳನ್ನು ತಂದು ಸೀಳಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ದನ ಬಳಲುತ್ತಿದ್ದ ಹುಲ್ಲುಗಾವಲಿನ ಗಿಡಗಳೊಳಗೆ, ಜೀವಕೋಶಗಳ ನಡುವೆ, ನೂಲಿನೆಳೆಯಂತೆ ಒಂದು ಶಿಲೀಂಧ್ರ ಹರಡಿಕೊಂಡಿತ್ತು. ಆರೋಗ್ಯವಾಗಿದ್ದ ಕಡೆ ಅದು ಅಪರೂಪ. 1977ರಲ್ಲಿ ಅವರು ಇದನ್ನು ಪ್ರಕಟಿಸಿದರು. ಇವತ್ತು ಆ ಶಿಲೀಂಧ್ರಕ್ಕೆ ಎಪಿಕ್ಲೊಯಿ ಸೀನೊಫಿಯಾಲ ಎಂದು ಹೆಸರು.

ಇದು ನಾವು ಕಂಡ ತುಕ್ಕುರೋಗ, ಬೂದಿರೋಗಗಳಂಥದ್ದಲ್ಲ. ಎಲೆಯ ಮೇಲೆ ಒಂದು ಚುಕ್ಕೆಯೂ ಇರುವುದಿಲ್ಲ. ಗಿಡದಿಂದ ಗಿಡಕ್ಕೆ ಗಾಳಿಯಲ್ಲಿ ಹಾರುವುದಿಲ್ಲ. ತಾಯಿಗಿಡದಿಂದ ಬೀಜಕ್ಕೆ, ಬೀಜದಿಂದ ಸಸಿಗೆ, ಅಷ್ಟೇ ಅದರ ದಾರಿ. ಗಿಡ ಅದಕ್ಕೆ ಮನೆ, ಅನ್ನ ಎರಡೂ ಕೊಡುತ್ತದೆ. ಪ್ರತಿಯಾಗಿ ಅದು ಗಿಡವನ್ನು ಕಾಯುತ್ತದೆ: ಬರ ತಾಳುವ ಶಕ್ತಿ, ಕೀಟ ಮತ್ತು ಜಂತುಹುಳುಗಳಿಂದ ರಕ್ಷಣೆ, ಮೇಯ್ದಷ್ಟೂ ಚಿಗುರುವ ಛಲ. ಅಂದರೆ ರೈತರು ಮೂವತ್ತು ನಲವತ್ತು ವರ್ಷ ಹೊಗಳಿದ ಗುಣಗಳಲ್ಲಿ ಅರ್ಧ ಹುಲ್ಲಿನದಲ್ಲ, ಹುಲ್ಲಿನೊಳಗಿನ ಶಿಲೀಂಧ್ರದ್ದು. ಗಿಡ ಕಾಯಲು ಅದು ತಯಾರಿಸುವ ರಾಸಾಯನಿಕಗಳಲ್ಲಿ ಎರ್ಗೊವ್ಯಾಲಿನ್ ಎಂಬುದೊಂದು. ಅದು ದನದ ರಕ್ತನಾಳಗಳನ್ನು ಬಿಗಿಸುತ್ತದೆ. ಬೇಸಿಗೆಯಲ್ಲಿ ಮೈಯ ಬಿಸಿ ಚರ್ಮಕ್ಕೆ ಬಂದು ಹೊರಗೆ ಹೋಗಬೇಕಾದರೆ ರಕ್ತ ಚರ್ಮಕ್ಕೆ ಹರಿಯಬೇಕು. ನಾಳ ಬಿಗಿದರೆ ಬಿಸಿ ಒಳಗೇ ಉಳಿಯುತ್ತದೆ. ಅದಕ್ಕೇ ಕೆರೆಗಿಳಿಯುವುದು. ಚಳಿಗಾಲದಲ್ಲಿ ಗೊರಸು, ಕಿವಿ, ಬಾಲದ ತುದಿಗೆ ರಕ್ತ ತಲುಪುವುದಿಲ್ಲ. ಅದಕ್ಕೇ ಅವು ಸಾಯುವುದು. ಹಾಲಿಗೆ ಬೇಕಾದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಕೂಡ ಇದರಿಂದ ಇಳಿಯುತ್ತದೆ.

ಕುದುರೆಗಳ ಪಾಡು ಇನ್ನೂ ಕಷ್ಟ. ಕೆಂಟಕಿ ಎಂದರೆ ಪಂದ್ಯದ ಕುದುರೆಗಳ ನಾಡು. ಗಬ್ಬದ ಹೆಣ್ಣುಕುದುರೆ ಈ ಹುಲ್ಲು ತಿಂದರೆ ದಿನ ತುಂಬಿದರೂ ಈಯುವುದಿಲ್ಲ, ಮಾಸು ದಪ್ಪವಾಗಿ ಮರಿ ಉಸಿರುಕಟ್ಟುತ್ತದೆ, ಬದುಕಿ ಹುಟ್ಟಿದ ಮರಿಗೆ ಕೆಚ್ಚಲಲ್ಲಿ ಹಾಲಿರುವುದಿಲ್ಲ. ಈಯುವ ಎರಡು ಮೂರು ತಿಂಗಳ ಮುಂಚೆಯೇ ಕುದುರೆಯನ್ನು ಈ ಹುಲ್ಲಿನಿಂದ ಹೊರಗೆ ತರಬೇಕೆಂಬುದು ಅಲ್ಲಿ ಈಗ ಸಾಮಾನ್ಯ ಸಲಹೆ.

ನಷ್ಟವನ್ನು ತಕ್ಕಡಿಯಲ್ಲಿಟ್ಟು ನೋಡಿದ್ದು ಅಲಬಾಮಾ ರಾಜ್ಯದ ಪ್ರಯೋಗಗಳಲ್ಲಿ. ಶಿಲೀಂಧ್ರವಿರುವ ಹುಲ್ಲು ಮೇಯ್ದ ಹೋರಿಗರುಗಳ ತೂಕ ದಿನಕ್ಕೆ ಸುಮಾರು ಅರ್ಧ ಕಿಲೋದಷ್ಟು ಏರಿದರೆ, ಶಿಲೀಂಧ್ರ ಇಲ್ಲವೆನ್ನುವಷ್ಟು ಕಡಿಮೆಯಿರುವ ಹುಲ್ಲು ಮೇಯ್ದವು ಮುಕ್ಕಾಲು ಕಿಲೋಗಿಂತ ಹೆಚ್ಚು ಏರಿದವು. ಹೊಲದ ಗಿಡಗಳಲ್ಲಿ ಶೇಕಡಾ 10ರಷ್ಟು ಹೆಚ್ಚು ಗಿಡಗಳಿಗೆ ಶಿಲೀಂಧ್ರವಿದ್ದರೆ ದಿನದ ತೂಕದಲ್ಲಿ ಸುಮಾರು 45 ಗ್ರಾಂ ಖೋತಾ ಎಂಬುದು ಅಲ್ಲಿನ ಮೇವಿನ ತಜ್ಞರ ಕೈಲೆಕ್ಕ. ಕಾರ್ಲ್ ಹೋವ್‌ಲ್ಯಾಂಡ್ ಎಂಬ ವಿಜ್ಞಾನಿ 1993ರಲ್ಲಿ ಅಂದಾಜು ಮಾಡಿದಂತೆ ಮಾಂಸದ ದನ ಸಾಕುವವರಿಗೆ ಇದರಿಂದ ವರ್ಷಕ್ಕೆ 60 ಕೋಟಿ ಡಾಲರಿಗೂ ಮೀರಿದ ನಷ್ಟ.

ಕಾರಣ ಸಿಕ್ಕಿತಲ್ಲ, ಶಿಲೀಂಧ್ರ ತೆಗೆದುಬಿಟ್ಟರಾಯಿತು ಎಂದರು. ತೆಗೆಯುವುದು ಕಷ್ಟವೂ ಅಲ್ಲ. ಬೀಜವನ್ನು ಮಾಮೂಲಿ ಉಗ್ರಾಣದಲ್ಲಿ ಒಂದೆರಡು ವರ್ಷ ಇಟ್ಟರೆ ಬೀಜ ಸಾಯುವ ಮುಂಚೆ ಒಳಗಿನ ಶಿಲೀಂಧ್ರ ಸಾಯುತ್ತದೆ. 1980ರ ದಶಕದಲ್ಲಿ ಶಿಲೀಂಧ್ರಮುಕ್ತ ತಳಿಗಳು ಅಂಗಡಿಗೆ ಬಂದವು. ದನ ದುಂಡಗಾದವು. ಆದರೆ ಎರಡು ಮೂರು ಬೇಸಿಗೆ ಕಳೆಯುವಷ್ಟರಲ್ಲಿ ಎಷ್ಟೋ ಕಡೆ ಹುಲ್ಲೇ ಸತ್ತಿತು. ಬರ ಬಂದಾಗ ತಾಳಲಿಲ್ಲ, ಬಿಗಿಯಾಗಿ ಮೇಯಿಸಿದರೆ ಚಿಗುರಲಿಲ್ಲ. ಕಾವಲುಗಾರನಿಲ್ಲದ ಹುಲ್ಲು ಸಾಮಾನ್ಯ ಹುಲ್ಲಾಗಿಬಿಟ್ಟಿತ್ತು.

ಆಗ ಮೂಡಿದ್ದು ನಡುದಾರಿ. ಈ ಶಿಲೀಂಧ್ರದಲ್ಲಿ ಬಗೆಬಗೆಯ ವಂಶಗಳಿವೆ. ಗಿಡವನ್ನು ಕಾಯುವ, ಆದರೆ ದನಕ್ಕೆ ಕೇಡು ಮಾಡುವ ವಿಷ ತಯಾರಿಸದ ವಂಶವನ್ನು ನ್ಯೂಜಿಲೆಂಡಿನ ವಿಜ್ಞಾನಿಗಳು ಹುಡುಕಿದರು. ಅವರಲ್ಲೂ ರೈ ಹುಲ್ಲಿನಲ್ಲಿ ಇಂಥದ್ದೇ ಶಿಲೀಂಧ್ರದಿಂದ ಕುರಿಗಳು ತತ್ತರಿಸಿ ಬೀಳುವ ಕಾಯಿಲೆಯ ಅನುಭವವಿತ್ತು. ಜಾರ್ಜಿಯಾ ವಿಶ್ವವಿದ್ಯಾಲಯದವರೊಂದಿಗೆ ಸೇರಿ ಆ ವಂಶವನ್ನು ಫೆಸ್ಕ್ಯೂ ಸಸಿಗೆ ಸೇರಿಸಿದರು. 2000ದ ಹೊತ್ತಿಗೆ ಜೆಸಪ್ ಮ್ಯಾಕ್ಸ್‌ಕ್ಯೂ ಎಂಬ ತಳಿ ಮಾರುಕಟ್ಟೆಗೆ ಬಂತು. ಆಮೇಲೆ ಇನ್ನಷ್ಟು ಬಂದಿವೆ. ಹುಲ್ಲೂ ಉಳಿಯಿತು, ದನವೂ ಉಳಿಯಿತು. ಬೀಜಕ್ಕೆ ದುಡ್ಡು ಜಾಸ್ತಿ, ಅಷ್ಟೇ.

ಈಗ ಬೇಸಾಯದ ಮಾತು. ಹಳೆಯ, ವಿಷದ ಫೆಸ್ಕ್ಯೂ ನಿಂತ ಹೊಲವನ್ನು ಬದಲಾಯಿಸುವುದು ಹೇಗೆ? ವಸಂತದಲ್ಲಿ ತೆನೆ ಬೀಜಗಟ್ಟಲು ಬಿಡದೆ ಕಳೆನಾಶಕ ಹೊಡೆಯುತ್ತಾರೆ. ಆ ಹೊಲದಲ್ಲಿ ಬೇಸಿಗೆಗೊಂದು ಒತ್ತು ಬೆಳೆ ಹಾಕುತ್ತಾರೆ. ಆ ಬೆಳೆ ಬಹಳ ಕಡೆ ನಮ್ಮ ಸಜ್ಜೆ! ಸಜ್ಜೆ ದಟ್ಟವಾಗಿ ಎದ್ದು, ಉಳಿದ ಫೆಸ್ಕ್ಯೂವನ್ನು ನೆರಳಿನಲ್ಲಿ ಅಡಗಿಸುತ್ತದೆ, ಬೇಸಿಗೆಗೆ ಮೇವೂ ಆಗುತ್ತದೆ. ಸಜ್ಜೆ ಮೇಯಿಸಿ ಮುಗಿಸಿ ಮತ್ತೊಮ್ಮೆ ಕಳೆನಾಶಕ ಹೊಡೆದು ಸೆಪ್ಟೆಂಬರಿನಲ್ಲಿ ಹೊಸ ಬೀಜ ಬಿತ್ತುತ್ತಾರೆ. ಕೂರಿಗೆಯಲ್ಲಿ ಬಿತ್ತಿದರೆ ಎಕರೆಗೆ ಸುಮಾರು 8 ಕಿಲೋ ಬೀಜ. ಆಳ ಅರ್ಧ ಅಂಗುಲ ಮೀರಬಾರದು. ಚಿಕ್ಕ ಬೀಜಕ್ಕೆ ಮೇಲೇಳುವ ಬಲ ಕಡಿಮೆ. ಮಣ್ಣು ತೀರ ಹುಳಿಯಾಗಿದ್ದರೆ ಮೊದಲೇ ಸುಣ್ಣ. ಮೊದಲ ವರ್ಷ ಗಿಡ ಬೇರೂರುವ ತನಕ ದನವನ್ನು ಮೆತ್ತಗೆ, ಕಡಿಮೆ ಹೊತ್ತು ಬಿಡಬೇಕು. ಸಸಿ ಕಿತ್ತು ಬಂದರೆ ಇನ್ನೂ ಕಾಲ ಬಂದಿಲ್ಲ ಎಂದರ್ಥ.

ಹಳೆಯ ಹುಲ್ಲು ತೆಗೆಯಲಾಗದವರು ಅದರಲ್ಲಿ ಕ್ಲೋವರ್ ಬೆರೆಸುತ್ತಾರೆ. ಕ್ಲೋವರ್ ನಮ್ಮ ಕುದುರೆಮಸಾಲೆಯಂತೆ ದ್ವಿದಳ ಮೇವು. ಬಿತ್ತುವ ವಿಧಾನ ಸ್ವಾರಸ್ಯದ್ದು. ಫೆಬ್ರವರಿಯಲ್ಲಿ ನೆಲ ರಾತ್ರಿ ಹೆಪ್ಪುಗಟ್ಟುತ್ತದೆ, ಹಗಲು ಕರಗುತ್ತದೆ. ಹೆಪ್ಪುಗಟ್ಟಿದಾಗ ಮಣ್ಣಿನ ಮೇಲ್ಪದರ ಉಬ್ಬಿ ಬಿರಿಯುತ್ತದೆ, ಕರಗಿದಾಗ ಕೂಡಿಕೊಳ್ಳುತ್ತದೆ. ಚಳಿ ಬೆಳಗಿನಲ್ಲಿ ಬೀಜ ಎರಚಿದರೆ ಸಾಕು, ಉಳುಮೆಯಿಲ್ಲದೆ ಬೀಜ ತಾನೇ ಬಿರುಕಿಗಿಳಿದು ಮುಚ್ಚಿಕೊಳ್ಳುತ್ತದೆ. ಕ್ಲೋವರ್ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ, ಬೇಸಿಗೆಯಲ್ಲಿ ಫೆಸ್ಕ್ಯೂ ಸುಸ್ತಾದಾಗ ಬಾಯಿಗೆ ಬೇರೆ ಮೇವು ಕೊಡುತ್ತದೆ, ವಿಷದ ಪಾಲು ಇಳಿಸುತ್ತದೆ. ಕೆಂಪು ಕ್ಲೋವರಿನಲ್ಲಿರುವ ಬಯೊಚಾನಿನ್ ಎಂಬ ಅಂಶ ಬಿಗಿದ ರಕ್ತನಾಳವನ್ನು ಸಡಿಲಿಸುತ್ತದೆ ಎಂಬುದನ್ನು ಕೆಂಟಕಿಯಲ್ಲಿರುವ ಕೇಂದ್ರ ಸರ್ಕಾರದ ವಿಜ್ಞಾನಿಗಳು ತೋರಿಸಿದ್ದಾರೆ.

ಮೇಯಿಸುವುದರಲ್ಲಿ ಅವರ ಸೂತ್ರ ಸರಳ: ಆರೆಂಟು ಅಂಗುಲ ಬೆಳೆದಾಗ ದನ ಬಿಡು, ಮೂರು ನಾಲ್ಕು ಅಂಗುಲ ಉಳಿದಾಗ ಹೊರಗೆ ಹೊಡಿ. ಆ ಕೆಳಗಿನ ಅಂಗುಲಗಳಲ್ಲಿಯೇ ಗಿಡದ ಉಳಿತಾಯ ಇರುವುದು. ಅದನ್ನೂ ಮೇಯಿಸಿದರೆ ಮುಂದಿನ ಚಿಗುರಿಗೆ ಬಂಡವಾಳವಿಲ್ಲ. ವಿಷ ಹೆಚ್ಚಿರುವುದು ತೆನೆಯಲ್ಲಿ ಮತ್ತು ಬುಡದಲ್ಲಿ. ಆದ್ದರಿಂದ ತೆನೆ ಬರುವ ಮುಂಚೆ ಮೇಯಿಸು ಇಲ್ಲವೇ ತೆನೆ ಕತ್ತರಿಸು, ಬುಡ ಮುಟ್ಟಿಸಬೇಡ ಎನ್ನುತ್ತಾರೆ. ಗಿಡಕ್ಕೂ ದನಕ್ಕೂ ಹಿತ ಒಂದೇ ಕಡೆ ಕೂಡುವ ಅಪರೂಪದ ನಿಯಮ ಇದು.

ಒಣಮೇವು ಮಾಡುವುದು ಮೇ ತಿಂಗಳಲ್ಲಿ. ಹೊಡೆ ತುಂಬಿ ತೆನೆ ಇಣುಕುವ ಹೊತ್ತಿಗೆ ಕೊಯ್ದರೆ ಎಲೆ ಹೆಚ್ಚು, ದಂಟು ಕಡಿಮೆ, ಸಸಾರಜನಕ ಶೇಕಡಾ 12ರ ಮೇಲೆ. ಬೀಜ ಬಲಿಯುವ ತನಕ ಕಾದರೆ ಬಂಡಿಗೆ ಲೋಡು ಹೆಚ್ಚು ಬರುತ್ತದೆ, ಆದರೆ ಸಸಾರಜನಕ 7–8ಕ್ಕೆ ಇಳಿಯುತ್ತದೆ. ತೊಂದರೆ ಏನೆಂದರೆ ಅಲ್ಲಿ ಮೇ ತಿಂಗಳೆಂದರೆ ಮಳೆಯ ಕಾಲ. ಕೊಯ್ದು ಹರವಿದ ಹುಲ್ಲು ನೆನೆದರೆ ಸತ್ವ ತೊಳೆದುಹೋಗುತ್ತದೆ. ಆದ್ದರಿಂದ ನಾಲ್ಕು ದಿನ ಬಿಸಿಲೆಂಬ ಮುನ್ಸೂಚನೆ ಕೇಳಿಕೊಂಡು ಕೊಯ್ಲಿಗೆ ಇಳಿಯುತ್ತಾರೆ. ಇಬ್ಬನಿ ಆರಿದ ಮೇಲೆ ಕೊಯ್ದು, ಹರವಿ, ತಿರುವಿ ಹಾಕಿ, ಸಾಲುಮಾಡಿ, ತೇವ ಶೇಕಡಾ 18ಕ್ಕೆ ಇಳಿದ ಮೇಲೆ ಯಂತ್ರದಲ್ಲಿ ಸುತ್ತಿ ಕಟ್ಟುತ್ತಾರೆ. ಅಳೆಯುವ ಸಾಧನವಿಲ್ಲದ ರೈತ ಒಂದು ಹಿಡಿ ಹುಲ್ಲು ತೆಗೆದು ಎರಡು ಕೈಯಲ್ಲಿ ಬಿಗಿಯಾಗಿ ತಿರುಚುತ್ತಾನೆ. ದಂಟು ಲಟಲಟ ಮುರಿದರೆ ಕಟ್ಟಬಹುದು. ಬಳುಕಿದರೆ, ಗೆಣ್ಣಿನಲ್ಲಿ ಪಸೆ ಕಂಡರೆ ಇನ್ನೊಂದು ಬಿಸಿಲು ಬೇಕು. ಹಸಿಯಾಗಿ ಕಟ್ಟಿದ ಹುಲ್ಲು ಒಳಗೊಳಗೆ ಕಾಯುತ್ತದೆ, ಬೂಷ್ಟು ಹಿಡಿಯುತ್ತದೆ. ಕೆಲವೊಮ್ಮೆ ವಾರಗಳ ನಂತರ ತಾನೇ ಬೆಂಕಿ ಹತ್ತಿ ಕೊಟ್ಟಿಗೆಯನ್ನೇ ಸುಡುತ್ತದೆ. ಒಣಗಿಸಿ ಇಟ್ಟರೆ ವಿಷದ ಅಂಶ ಸ್ವಲ್ಪ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಆದರೆ ಫೆಸ್ಕ್ಯೂ ಬೆಳೆಯುವವರ ನಿಜವಾದ ಜಾಣತನ ಒಣಮೇವಿನಲ್ಲಿಲ್ಲ, ನಿಂತ ಮೇವನ್ನು ಕೂಡಿಡುವುದರಲ್ಲಿದೆ. ಆಗಸ್ಟ್ ಮಧ್ಯದಲ್ಲಿ ಒಂದು ಹೊಲವನ್ನು ಮೂರು ನಾಲ್ಕು ಅಂಗುಲಕ್ಕೆ ಮೇಯಿಸಿ ಬೇಲಿ ಹಾಕುತ್ತಾರೆ. ಎಕರೆಗೆ ಇಪ್ಪತ್ತು ಇಪ್ಪತ್ತೈದು ಕಿಲೋ ಸಾರಜನಕ ಸಿಗುವಷ್ಟು ಗೊಬ್ಬರ ಕೊಡುತ್ತಾರೆ. ಮೂರು ತಿಂಗಳು ಒಂದು ದನವೂ ಒಳಗೆ ಕಾಲಿಡಕೂಡದು. ಹೊಸ ಬೆಳವಣಿಗೆಯಲ್ಲಿ ತೆನೆಯಿಲ್ಲ, ಎಲ್ಲ ಎಲೆಯೇ. ಚಳಿ ಏರಿದಂತೆ ಎಲೆಯಲ್ಲಿ ಸಕ್ಕರೆ ಕೂಡುತ್ತದೆ, ಮೇಣದಂಥ ಹೊದಿಕೆ ಅದನ್ನು ಹಿಮದಿಂದ ಕಾಯುತ್ತದೆ. ಚಳಿಗಾಲ ಕಳೆದಂತೆ ವಿಷವೂ ಇಳಿಯುತ್ತ ಹೋಗುತ್ತದೆ. ನವೆಂಬರ್ ಕೊನೆಗೆ ಬೇರೆ ಕಡೆ ಹುಲ್ಲು ಮುಗಿದಾಗ ಈ ಹೊಲ ತೆರೆಯುತ್ತಾರೆ. ತೆರೆಯುವುದೂ ಒಂದೇ ಸಲಕ್ಕಲ್ಲ. ನೀರಿನ ತೊಟ್ಟಿಯ ಕಡೆಯಿಂದ ಶುರುಮಾಡಿ, ಒಂದೆಳೆ ವಿದ್ಯುತ್ ತಂತಿ ಎಳೆದು, ಎರಡು ಮೂರು ದಿನಕ್ಕಾಗುವಷ್ಟು ಪಟ್ಟಿ ಮಾತ್ರ ಬಿಡುತ್ತಾರೆ. ಅದು ಮುಗಿದ ಮೇಲೆ ತಂತಿ ಮುಂದಕ್ಕೆ. ತುಳಿದು ಹಾಳಾಗುವುದು ಕಡಿಮೆ, ಸಗಣಿ ಹೊಲದ ತುಂಬ ಸಮನಾಗಿ ಬೀಳುತ್ತದೆ. ಕೊಯ್ಯುವ, ಕಟ್ಟುವ, ಸಾಗಿಸುವ, ಮತ್ತೆ ತಂದು ಹಾಕುವ ಖರ್ಚೆಲ್ಲ ಉಳಿಯುತ್ತದೆ. ಕೊಯ್ಲು ಮಾಡುವ ಕೆಲಸ ದನವೇ ಮಾಡಿಕೊಳ್ಳುತ್ತದೆ.

ಇನ್ನು ನಮ್ಮ ಕಡೆಗೆ ಬರೋಣ. ನಮ್ಮ ದೇಶದಲ್ಲಿ ಇಂಥ ಚಳಿಹುಲ್ಲಿಗೆ ಜಾಗ ಹಿಮಾಚಲ, ಕಾಶ್ಮೀರ, ಉತ್ತರಾಖಂಡದ ಎತ್ತರದ ನೆಲಗಳಲ್ಲಿ. ಕರ್ನಾಟಕದ ಬಯಲಿನಲ್ಲಿ ಇದನ್ನು ಮೇವಿಗೆಂದು ಬಿತ್ತುವುದು ದುಡ್ಡು ಕಳೆದುಕೊಳ್ಳುವ ದಾರಿ. ಹುಲ್ಲುಹಾಸಿಗೆಂದು ಮಾರುವ ಫೆಸ್ಕ್ಯೂ ಬೀಜ ಈಗ ಆನ್‌ಲೈನಿನಲ್ಲಿ ಸಿಗುತ್ತದೆ. ಹುಲ್ಲುಹಾಸಿನ ತಳಿಗಳಲ್ಲಿ ಹುಳ ಬರಬಾರದೆಂದು ವಿಷದ ಶಿಲೀಂಧ್ರವನ್ನು ಬೇಕೆಂದೇ ಉಳಿಸಿಕೊಂಡಿರುವುದುಂಟು. ಅಂಥ ತೋಟದಲ್ಲಿ ಕತ್ತರಿಸಿದ ಹುಲ್ಲನ್ನು ಪಕ್ಕದ ಮನೆಯ ಹಸುವಿಗೆ ಹಾಕಬೇಡಿ.

ಹಸಿರಾಗಿ ಕಂಡದ್ದೆಲ್ಲ ಮೇವಲ್ಲ ಎಂಬುದು ನಮ್ಮ ರೈತರಿಗೆ ಹೊಸದೇನಲ್ಲ. ಮಳೆ ಕೈಕೊಟ್ಟು ಕುಂಠಿತವಾದ ಎಳೆ ಜೋಳ, ಕೊಯ್ದ ಮೇಲೆ ಬಂದ ಕೂಳೆಯ ಚಿಗುರು ಇವನ್ನು ಮೇಯ್ದ ದನ ಗಳಿಗೆಯಲ್ಲಿ ಉರುಳುವುದನ್ನು ಕಂಡವರಿದ್ದಾರೆ. ಅದು ಸಯನೈಡ್ ವಿಷ. ಸಜ್ಜೆಯ ತೆನೆಯಿಂದ ಜೇನಿನಂಥ ಅಂಟು ಒಸರುವ ಅರ್ಗಾಟ್ ರೋಗ ಗೊತ್ತಲ್ಲ, ಅದರ ಶಿಲೀಂಧ್ರವೂ ಫೆಸ್ಕ್ಯೂ ಶಿಲೀಂಧ್ರವೂ ಒಂದೇ ಕುಟುಂಬದವು. ರೋಗದ ಕಾಳು ತೇಲಲೆಂದು ಸಜ್ಜೆ ಬೀಜವನ್ನು ಉಪ್ಪುನೀರಿನಲ್ಲಿ ಅದ್ದಿ ತೆಗೆಯಲು ಹೇಳುವುದು ಅದಕ್ಕೇ. ಇವು ಬೇಗ ಕಣ್ಣಿಗೆ ಬೀಳುವ ವಿಷಗಳು. ನಿಧಾನವಾಗಿ ಕೆಲಸ ಮಾಡುವುದು ಕಾಣುವುದಿಲ್ಲ. ನೇಪಿಯರನ್ನೇ ತೆಗೆದುಕೊಳ್ಳಿ. ಒಳ್ಳೆಯ ಹುಲ್ಲು, ಇಳುವರಿಯಲ್ಲಿ ಅದರ ಮುಂದೆ ನಿಲ್ಲುವುದು ಕಡಿಮೆ. ಆದರೆ ಅದರಲ್ಲಿ ಆಕ್ಸಲೇಟ್ ಇದೆ, ಅದು ಸುಣ್ಣದ ಅಂಶವನ್ನು ಹಿಡಿದುಕೊಂಡು ದನದ ಮೈಗೆ ಸಿಗದಂತೆ ಮಾಡುತ್ತದೆ. ವರ್ಷವಿಡೀ ಎಳೆ ನೇಪಿಯರ್ ಒಂದನ್ನೇ ಹಾಕಿದರೆ ಹಸುವಿನ ಮೂಳೆಯಿಂದ ಹಾಲಿಗೆ ಸುಣ್ಣ ಹೋಗುತ್ತಿರುತ್ತದೆ. ಅಮೆರಿಕದವರು ಕ್ಲೋವರ್ ಬೆರೆಸಿದಂತೆ ನಾವು ಅಲಸಂದೆ, ಕುದುರೆಮಸಾಲೆ, ಬೇಲಿಮೆಂತ್ಯ, ಸ್ಟೈಲೋ ಬೆರೆಸಬೇಕು. ಜೊತೆಗೆ ಖನಿಜ ಮಿಶ್ರಣ ತಪ್ಪಿಸಬಾರದು.

ಕೊನೆಯದಾಗಿ ಒಂದು ಮಾತು. ಹೊಸ ಮೇವಿನ ಕಡ್ಡಿಯನ್ನು ಯಾರೋ ತಂದುಕೊಡುತ್ತಾರೆ. ಎಕರೆಗೆ ಇಷ್ಟು ಟನ್, ವರ್ಷಕ್ಕೆ ಇಷ್ಟು ಕಟಾವು, ಇಷ್ಟು ಎತ್ತರ ಎನ್ನುತ್ತಾರೆ. ಅದೆಲ್ಲ ಹೊಲದ ಲೆಕ್ಕ. ನೀವು ಕೊಟ್ಟಿಗೆಯ ಲೆಕ್ಕ ಕೇಳಿ. ಮೊದಲು ಸ್ವಲ್ಪ ಜಾಗದಲ್ಲಿ ನೆಟ್ಟು ಎರಡು ಹಸುವಿಗೆ ಹಾಕಿ ನೋಡಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ತಿಂಗಳಿಗೊಮ್ಮೆ ಟೇಪಿನಲ್ಲಿ ಅಳೆದು ಬರೆಯಿರಿ. ಹೊತ್ತಿನ ಹಾಲು ಬರೆಯಿರಿ. ಬೆದೆಗೆ ಬಂದ ದಿನ, ಗಬ್ಬ ನಿಂತ ದಿನ ಬರೆಯಿರಿ. ಕೂದಲು ನುಣುಪಾಗಿದೆಯೋ ಒರಟಾಗಿದೆಯೋ ನೋಡಿ. ಅನುಮಾನ ಬಂದರೆ ಹತ್ತಿರದ ಪಶುವೈದ್ಯರನ್ನು ಕೇಳಿ. ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ, ಅಲ್ಲಿ ವಿಚಾರಿಸಿ. ಹುಲ್ಲು ಒಳ್ಳೆಯದೋ ಕೆಟ್ಟದ್ದೋ ಎಂಬ ತೀರ್ಪು ಕೊಡಬೇಕಾದ್ದು ಬೀಜ ಮಾರುವವನಲ್ಲ, ಹೊಲದ ಬಣ್ಣವೂ ಅಲ್ಲ. ಅದನ್ನು ತಿನ್ನುವ ದನ. ಅದರ ಮಾತನ್ನು ಬರೆದಿಟ್ಟುಕೊಳ್ಳಿ.